ಆರ್‌ವಿಯಲ್ಲೇ ಸಂಸಾರ: ಸೋಫಾ ನೋಡುವ ಮೊದಲು ಟ್ಯಾಂಕ್ ನೋಡಿ

ನವೆಂಬರ್ ತಿಂಗಳ ಒಂದು ಬೆಳಿಗ್ಗೆ. ಅಮೆರಿಕದ ಕೊಲರಾಡೋದಲ್ಲಿದ್ದೆವು. ಬೆಡ್‌ಶೀಟ್ ಬದಲಿಸೋಣ ಅಂತ ಹಾಸಿಗೆ ಎತ್ತಿದರೆ ಕೆಳಗಿನ ಪ್ಲೈವುಡ್ ಹಲಗೆ ಒದ್ದೆ. ಕೈ ಇಟ್ಟರೆ ಬೆರಳಿಗೆ ನೀರು ಹತ್ತುತ್ತಿತ್ತು. ಹಾಸಿಗೆಯ ಅಡಿಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಬೂಷ್ಟು ಹಿಡಿದಿತ್ತು. ಆ ಟ್ರೇಲರ್‌ಗೆ ನಾವು ಬಂದು ಏಳು ವಾರವಷ್ಟೇ ಆಗಿತ್ತು. ಕೊಳ್ಳುವಾಗ ನಾವು ನೋಡಿದ್ದು ದೊಡ್ಡ ಟಿವಿ, ಅದರ ಕೆಳಗೆ ಬೆಂಕಿಯ ಹಾಗೆ ಮಿನುಗುವ ಎಲೆಕ್ಟ್ರಿಕ್ ಫೈರ್‌ಪ್ಲೇಸ್, ಕಾಲು ಚಾಚಿ ಕೂರುವ ಸೋಫಾ. ಕಿಟಕಿಗೆ ಗಾಜು ಒಂದು ಪದರವೋ ಎರಡು ಪದರವೋ ಅಂತ ಕೇಳಿರಲಿಲ್ಲ.

ಆರ್‌ವಿ ಅಂದರೆ ಚಕ್ರದ ಮೇಲಿನ ಮನೆ. ತನ್ನದೇ ಎಂಜಿನ್ ಇದ್ದರೆ ಮೋಟರ್‌ಹೋಮ್. ಟ್ರಕ್ ಅಥವಾ ದೊಡ್ಡ ಕಾರಿನ ಹಿಂದೆ ಕಟ್ಟಿ ಎಳೆಯುವುದು ಟ್ರೇಲರ್. ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯೊಳಗೇ ಕೊಂಡಿ ಕೂರುವುದು ಫಿಫ್ತ್ ವೀಲ್. ಅಮೆರಿಕದಲ್ಲಿ ಇವುಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ. ಹೆಚ್ಚಿನವನ್ನು ಮಾಡುವುದು ರಜೆಯಲ್ಲಿ ನಾಲ್ಕು ದಿನ ತಿರುಗಾಡಿ ಬರುವವರಿಗೆ. ವರ್ಷಪೂರ್ತಿ ಅದರಲ್ಲೇ ಇರುವವರಿಗೆ ಬೇಕಾದ್ದೇ ಬೇರೆ. ಸುಖ ಅನ್ನುವುದು ಇಲ್ಲಿ ಕಣ್ಣಿಗೆ ಕಾಣದ ಜಾಗದಲ್ಲಿರುತ್ತದೆ. ನೆಲದ ಕೆಳಗೆ, ಗೋಡೆಯೊಳಗೆ, ಬ್ಯಾಟರಿ ಡಬ್ಬದಲ್ಲಿ. ಕೆಲಸ ಮನೆಯಿಂದಲೇ ಮಾಡುವ ಕನ್ನಡದ ಗೆಳೆಯರು ಕೆಲವರು ಈಗ ಈ ದಾರಿ ಯೋಚಿಸುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವು ಪಟ್ಟ ಪಾಡು ಅವರು ಪಡಬಾರದು.

ಮೊದಲ ಹೆಜ್ಜೆ: ಅಂಗಡಿಯಲ್ಲೇ ಒಂದು ದಿನ ಬದುಕಿ ನೋಡಿ

ಷೋರೂಮಿಗೆ ಹೋದಾಗ ಸುಮ್ನೆ ಒಂದು ಸುತ್ತು ಹಾಕಿ ಬರಬೇಡಿ. ಎರಡು ಗಂಟೆ ಒಳಗೇ ಇರಿ. ಸೇಲ್ಸ್‌ನವರಿಗೆ ನಿಧಾನವಾಗಿ ನೋಡುತ್ತೇವೆ ಅಂತ ಹೇಳಿ ಕಳಿಸಿ. ಟಾಯ್ಲೆಟ್‌ನಲ್ಲಿ ಬಾಗಿಲು ಹಾಕಿಕೊಂಡು ಕೂತು ನೋಡಿ, ಮೊಣಕಾಲು ಎಲ್ಲಿ ತಾಗುತ್ತದೆ? ಷವರ್ ಒಳಗೆ ನಿಂತು ತಲೆಗೆ ಸೋಪು ಹಚ್ಚುವ ಹಾಗೆ ಕೈ ಎತ್ತಿ. ಒಲೆ ಮುಂದೆ ನಿಂತು, ಕುಕ್ಕರ್ ಇಳಿಸಿದರೆ ಎಲ್ಲಿ ಇಡುತ್ತೀರಿ ಅಂತ ಜಾಗ ಹುಡುಕಿ. ಒಬ್ಬರು ಅಡುಗೆ ಮಾಡುವಾಗ ಇನ್ನೊಬ್ಬರು ಅವರನ್ನು ದಾಟಿ ಹೋಗಲು ಆಗುತ್ತಾ ನೋಡಿ.

ಆಮೇಲೆ ಸ್ಲೈಡ್‌ಗಳನ್ನು ಒಳಗೆ ಎಳೆಸಿ. ಸ್ಲೈಡ್ ಅಂದರೆ ನಿಂತಾಗ ಗೋಡೆಯಿಂದ ಡ್ರಾಯರ್ ಹಾಗೆ ಹೊರಗೆ ಚಾಚಿ ಜಾಗ ಕೊಡುವ ಭಾಗ. ಷೋರೂಮಿನಲ್ಲಿ ಅವು ಯಾವಾಗಲೂ ತೆರೆದೇ ಇರುತ್ತವೆ, ಆದ್ದರಿಂದ ಒಳಗೆ ಹಾಲ್ ಇದ್ದ ಹಾಗೆ ಕಾಣುತ್ತದೆ. ದಾರಿಯಲ್ಲಿ ಪೆಟ್ರೋಲ್ ಬಂಕ್ ಹತ್ತಿರ ನಿಂತಾಗ ಅವು ಮುಚ್ಚಿರುತ್ತವೆ. ಆಗ ಟಾಯ್ಲೆಟ್‌ಗೆ ದಾರಿ ಇದೆಯಾ? ಫ್ರಿಜ್ ಬಾಗಿಲು ತೆಗೆಯಬಹುದಾ? ನಾವು ನೋಡಿದ ಒಂದರಲ್ಲಿ ಅಡುಗೆಮನೆಯ ಕಟ್ಟೆ ಬಂದು ಟಾಯ್ಲೆಟ್ ಬಾಗಿಲಿಗೇ ಒತ್ತಿ ನಿಂತಿತ್ತು. ಅದನ್ನು ಅಲ್ಲೇ ಬಿಟ್ಟು ಬಂದೆವು.

ಎರಡನೆಯದು: ಬಾಗಿಲ ಹತ್ತಿರದ ಹಳದಿ ಸ್ಟಿಕ್ಕರ್

ಬಾಗಿಲ ಪಕ್ಕದಲ್ಲಿ ಹಳದಿ ಬಣ್ಣದ ಒಂದು ಸ್ಟಿಕ್ಕರ್ ಇರುತ್ತದೆ. ಈ ಗಾಡಿಯಲ್ಲಿ ಎಷ್ಟು ಭಾರದ ಸಾಮಾನು ಹಾಕಬಹುದು ಅಂತ ಅದರಲ್ಲಿ ಬರೆದಿರುತ್ತಾರೆ. ಯಾವ ಫೈರ್‌ಪ್ಲೇಸ್‌ಗಿಂತಲೂ ಮುಖ್ಯವಾದ ಸಂಖ್ಯೆ ಅದು.

ಲೆಕ್ಕ ಹೀಗೆ. ಸ್ಟಿಕ್ಕರ್ ಮೇಲೆ 1,400 ಪೌಂಡ್ ಅಂತ ಇದೆ ಅಂದುಕೊಳ್ಳಿ. ಟ್ಯಾಂಕ್‌ನಲ್ಲಿ ತುಂಬುವ ನೀರೂ ಸಾಮಾನಿನ ಲೆಕ್ಕಕ್ಕೇ ಬರುತ್ತದೆ. ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುತ್ತದೆ. 50 ಗ್ಯಾಲನ್ ತುಂಬಿದರೆ 415 ಪೌಂಡ್ ಅಲ್ಲಿಗೇ ಹೋಯಿತು. ಉಳಿದದ್ದು 985. ಅದರಲ್ಲಿ ಇಬ್ಬರ ಬಟ್ಟೆ, ಪಾತ್ರೆ, ಉಪಕರಣ, ಹೆಚ್ಚುವರಿ ಬ್ಯಾಟರಿ, ಸೋನಾ ಮಸೂರಿಯ 20 ಪೌಂಡ್ ಚೀಲ, ಕಲ್ಲಿನ ವೆಟ್ ಗ್ರೈಂಡರ್, ಪುಸ್ತಕ. ವಾರಾಂತ್ಯದವರಿಗೆ ಇದು ಸಾಕು. ಮನೆಯೇ ಇದು ಅನ್ನುವವರಿಗೆ ಬಹಳ ಕಡಿಮೆ. ನನ್ನ ಪ್ರಕಾರ ಇಬ್ಬರಿಗೆ 2,000 ಪೌಂಡ್ ಆದರೂ ಇರಬೇಕು. ಫಿಫ್ತ್ ವೀಲ್‌ಗಳಲ್ಲಿ ಇನ್ನೂ ಜಾಸ್ತಿ ಸಿಗುತ್ತದೆ.

ಭಾರ ಮೀರಿದರೆ ಟೈರ್ ಒಡೆಯುತ್ತದೆ, ಆಕ್ಸಲ್ ಬಗ್ಗುತ್ತದೆ. ಸಾಮಾನೆಲ್ಲ ತುಂಬಿದ ಮೇಲೆ ಹೆದ್ದಾರಿಯ ಟ್ರಕ್ ಸ್ಟಾಪ್‌ನಲ್ಲಿರುವ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿ ಒಂದು ಸಲ ತೂಕ ಮಾಡಿಸಿ. ಹೆಚ್ಚು ದುಡ್ಡಾಗುವುದಿಲ್ಲ, ಚೀಟಿ ಕೈಗೆ ಕೊಡುತ್ತಾರೆ.

ಮೂರನೆಯದು: ನೀರು ಬರುವುದು, ನೀರು ಹೋಗುವುದು

ಆರ್‌ವಿಯಲ್ಲಿ ಮೂರು ಟ್ಯಾಂಕ್. ಒಳ್ಳೆ ನೀರಿಗೆ ಒಂದು. ಸ್ನಾನ, ಪಾತ್ರೆ ತೊಳೆದ ನೀರಿಗೆ ಇನ್ನೊಂದು, ಅದನ್ನು ಗ್ರೇ ಟ್ಯಾಂಕ್ ಅನ್ನುತ್ತಾರೆ. ಟಾಯ್ಲೆಟ್‌ನದ್ದಕ್ಕೆ ಬ್ಲ್ಯಾಕ್ ಟ್ಯಾಂಕ್. ಎಲ್ಲರೂ ಮೊದಲನೆಯದರ ಅಳತೆ ಕೇಳುತ್ತಾರೆ. ಕೇಳಬೇಕಾದ್ದು ಗ್ರೇ ಟ್ಯಾಂಕಿನದು. ಒಳ್ಳೆ ನೀರು ಮುಗಿದರೆ ಕ್ಯಾನ್‌ನಲ್ಲಿ ತಂದು ಸುರಿಯಬಹುದು. ಗ್ರೇ ತುಂಬಿದರೆ ಷವರ್‌ನ ತಳದಿಂದ ಕೊಳೆ ನೀರು ಮೇಲೆ ಬರುತ್ತದೆ, ಆಗ ಗಾಡಿ ಕಟ್ಟಿಕೊಂಡು, ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್ ಹುಡುಕಿಕೊಂಡು ಹೋಗಲೇಬೇಕು.

ಇಲ್ಲಿ ನಮ್ಮ ಅಭ್ಯಾಸಗಳೇ ಕೈ ಹಿಡಿಯುತ್ತವೆ. ಸಾಮಾನ್ಯ ಷವರ್‌ನಿಂದ ನಿಮಿಷಕ್ಕೆ 2 ಗ್ಯಾಲನ್ ನೀರು ಬೀಳುತ್ತದೆ. ಐದು ನಿಮಿಷದ ಸ್ನಾನ ಅಂದರೆ 10 ಗ್ಯಾಲನ್, ಸುಮಾರು 38 ಲೀಟರ್. ಅದೇ ಷವರ್ ಒಳಗೆ ಒಂದು ಬಕೆಟ್, ಒಂದು ಚೊಂಬು ಇಟ್ಟುಕೊಂಡರೆ 12 ಲೀಟರ್‌ನಲ್ಲಿ ಮೈ ಪೂರ್ತಿ ತೊಳೆದು ಏಳಬಹುದು. ಸಣ್ಣ ಆರ್‌ವಿಗಳ ಗೀಸರ್ 6 ಗ್ಯಾಲನ್‌ನದು, ಇಬ್ಬರೂ ಒಬ್ಬರ ಹಿಂದೆ ಒಬ್ಬರು ಬಕೆಟ್ ಸ್ನಾನ ಮಾಡಿದರೆ ಅದೇ ಸಾಕು. ಪೈಪ್ ನೀರು, ಚರಂಡಿ ಎರಡೂ ಇರುವ, ಆರ್‌ವಿ ನಿಲ್ಲಿಸುವ ಪಾರ್ಕ್‌ನಲ್ಲಿ ಮನಸಾರೆ ಷವರ್ ಮಾಡಿ. ಕಾಡಿನಲ್ಲಿ, ಮರುಭೂಮಿಯಲ್ಲಿ ಚೊಂಬು.

ಟಾಯ್ಲೆಟ್‌ಗೆ ಕೈಯಲ್ಲಿ ಹಿಡಿಯುವ ಜೆಟ್ ಸ್ಪ್ರೇ ಹಾಕಿಸಿ. ಆರ್‌ವಿ ಟಾಯ್ಲೆಟ್‌ಗಳಲ್ಲಿ ಕೆಲವಕ್ಕೆ ಅದು ಜೊತೆಗೇ ಬರುತ್ತದೆ. ಬ್ಲ್ಯಾಕ್ ಟ್ಯಾಂಕ್ ಬೇಗ ತುಂಬುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ನಿಜ ಏನೆಂದರೆ ಆ ಟ್ಯಾಂಕ್‌ಗೆ ನೀರು ಬೇಕು. ಗಟ್ಟಿ ಪದಾರ್ಥ ನೀರಿನಲ್ಲಿ ತೇಲುತ್ತಿದ್ದರೆ ತಾನೇ ಹರಿದು ಹೋಗುವುದು? ಪೇಪರ್ ಕಡಿಮೆ, ನೀರು ಜಾಸ್ತಿ ಅಂದರೆ ಟ್ಯಾಂಕಿಗೂ ಒಳ್ಳೆಯದು.

ಇದರಲ್ಲಿ ನಾವು ಮಾಡಿದ ಒಂದು ತಪ್ಪು ಹೇಳಲೇಬೇಕು. ಮೊದಲ ಪಾರ್ಕ್‌ನಲ್ಲಿ ಚರಂಡಿ ಪೈಪ್ ಜೋಡಿಸಿ, ಬ್ಲ್ಯಾಕ್ ಟ್ಯಾಂಕಿನ ಕವಾಟ ತೆರೆದೇ ಬಿಟ್ಟೆವು. ತಾನೇ ಹೋಗುತ್ತಿರಲಿ ಅಂತ. ನೀರೆಲ್ಲ ಹರಿದು ಹೋಯಿತು, ಗಟ್ಟಿಯದು ಅಲ್ಲೇ ಕೂತು ಒಣಗಿತು. ಮೂರು ವಾರಕ್ಕೆ ಪೈಪ್ ಪೂರ್ತಿ ಕಟ್ಟಿಕೊಂಡು, ಅದನ್ನು ಬಿಡಿಸಲು ಎರಡು ದಿನ ಹಿಡಿಯಿತು. ಬ್ಲ್ಯಾಕ್ ಕವಾಟ ಮುಚ್ಚಿರಬೇಕು. ಟ್ಯಾಂಕ್ ಮುಕ್ಕಾಲು ತುಂಬಿದ ಮೇಲೆ ತೆರೆದು ಒಂದೇ ಸಲ ಬಿಡಬೇಕು. ಅದಾದ ಮೇಲೆ ಗ್ರೇ ಬಿಟ್ಟರೆ ಪೈಪ್ ತೊಳೆದ ಹಾಗೂ ಆಗುತ್ತದೆ. ಕುಡಿಯುವ ನೀರಿನ ಹೋಸ್ ಬೇರೆ, ಟ್ಯಾಂಕ್ ತೊಳೆಯುವ ಹೋಸ್ ಬೇರೆ ಇರಲಿ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ಪಾರ್ಕ್‌ಗಳ ನಲ್ಲಿಯಲ್ಲಿ ಒತ್ತಡ ಕೆಲವು ಕಡೆ ವಿಪರೀತ ಇರುತ್ತದೆ, ನಲ್ಲಿಗೆ ಪ್ರೆಷರ್ ರೆಗ್ಯುಲೇಟರ್ ಹಾಕದೆ ಹೋಸ್ ಜೋಡಿಸಿದರೆ ಒಳಗಿನ ಪೈಪ್ ಕಿತ್ತುಕೊಳ್ಳುತ್ತದೆ.

ನಾಲ್ಕನೆಯದು: ಚಳಿ ಮತ್ತು ತೇವ

ಹಾಸಿಗೆ ಅಡಿಯ ನೀರು ಎಲ್ಲಿಂದ ಬಂತು? ಛಾವಣಿ ಸೋರಿರಲಿಲ್ಲ. ಅದು ನಮ್ಮದೇ ಉಸಿರು. ಇಬ್ಬರು ರಾತ್ರಿಯಿಡೀ ಉಸಿರಾಡುತ್ತಾರೆ, ಅನ್ನ ಬೇಯುತ್ತದೆ, ಕುಕ್ಕರ್ ಕೂಗುತ್ತದೆ, ಟವೆಲ್ ಒಣಗುತ್ತದೆ. ಆ ಹಬೆಯೆಲ್ಲ ಸಣ್ಣ ಡಬ್ಬದಂಥ ಜಾಗದಲ್ಲಿ ಸಿಕ್ಕಿಕೊಂಡು, ತಣ್ಣಗಿನ ಜಾಗ ಹುಡುಕಿ ನೀರಾಗುತ್ತದೆ. ಕಿಟಕಿ ಗಾಜು, ಅಲ್ಯೂಮಿನಿಯಂ ಚೌಕಟ್ಟು, ಬೀರುವಿನ ಮೂಲೆ, ಹಾಸಿಗೆ ಕೆಳಗಿನ ಹಲಗೆ.

ಆದ್ದರಿಂದ ಕೊಳ್ಳುವಾಗಲೇ ಎರಡು ಪದರದ ಗಾಜಿನ ಕಿಟಕಿ ಇರುವುದನ್ನು ನೋಡಿ. ಇಲ್ಲದಿದ್ದರೆ ಚಳಿಗಾಲದಲ್ಲಿ ಒಳಗಿನಿಂದ ಪ್ಲಾಸ್ಟಿಕ್ ಹಾಳೆ ಅಂಟಿಸಬೇಕಾಗುತ್ತದೆ. ಅದು ಕೆಲಸ ಮಾಡುತ್ತದೆ, ಆದರೆ ಕಿಟಕಿ ತೆಗೆಯಲಾಗದು. ಹಾಸಿಗೆ ಕೆಳಗೆ ಗಾಳಿ ಆಡಬೇಕು. ನಾವು ಪ್ಲೈವುಡ್ ಮೇಲೆ ಮರದ ಪಟ್ಟಿಗಳನ್ನು ಬೆರಳಷ್ಟು ಸಂದು ಬಿಟ್ಟು ಜೋಡಿಸಿದೆವು. ಆ ಒಂದೇ ಕೆಲಸಕ್ಕೆ ಅರ್ಧ ತೊಂದರೆ ಹೋಯಿತು. ಉಳಿದರ್ಧಕ್ಕೆ ಒಂದು ಸಣ್ಣ ಡಿಹ್ಯುಮಿಡಿಫೈಯರ್. ಸಂಜೆ ಹಾಕಿ ಬೆಳಿಗ್ಗೆ ಅದರ ಡಬ್ಬ ತೆಗೆದರೆ ಒಂದು ಲೀಟರ್ ಮೇಲೆ ನೀರು ಕೂಡಿರುತ್ತದೆ. ಮೊದಲ ದಿನ ಅದನ್ನು ನೋಡಿ ನಂಬಲಿಕ್ಕೇ ಆಗಲಿಲ್ಲ. ಜೊತೆಗೆ ತೇವ ಅಳೆಯುವ ಸಣ್ಣ ಮೀಟರ್ ಒಂದನ್ನು ಮಲಗುವ ಕಡೆ ಇಡಿ. 40ರಿಂದ 50 ಪರ್ಸೆಂಟ್ ಒಳಗಿದ್ದರೆ ಚಿಂತೆಯಿಲ್ಲ. 60 ದಾಟಿದರೆ ಛಾವಣಿಯ ಫ್ಯಾನ್ ಸ್ವಲ್ಪ ತೆರೆಯಿರಿ, ಚಳಿಯಿದ್ದರೂ ಸರಿ.

ಇನ್ನು ಬಿಸಿ ಮಾಡುವ ವಿಷಯ. ಆರ್‌ವಿಯ ಒಳಗೇ ಜೋಡಿಸಿ ಬರುವ ಪ್ರೊಪೇನ್ ಗ್ಯಾಸಿನ ಫರ್ನೇಸ್ ತನ್ನ ಹೊಗೆಯನ್ನು ಹೊರಗೆ ಬಿಡುತ್ತದೆ. ಅಂಗಡಿಯಲ್ಲಿ ಸಿಗುವ, ಕೈಯಲ್ಲಿ ಎತ್ತಿ ಇಡುವ ಪ್ರೊಪೇನ್ ಹೀಟರ್ ಹಾಗಲ್ಲ, ಎಲ್ಲವನ್ನೂ ಒಳಗೇ ಬಿಡುತ್ತದೆ. ಒಂದು ಗ್ಯಾಲನ್ ಪ್ರೊಪೇನ್ ಉರಿದರೆ ಮುಕ್ಕಾಲು ಗ್ಯಾಲನ್‌ಗಿಂತ ಜಾಸ್ತಿ ನೀರು ಹಬೆಯಾಗಿ ಬರುತ್ತದೆ. ತೇವ ಅಷ್ಟೇ ಅಲ್ಲ, ಕಾರ್ಬನ್ ಮಾನಾಕ್ಸೈಡ್‌ನ ಅಪಾಯವೂ ಇದೆ. ಅದನ್ನು ಉರಿಸಿಟ್ಟು ದಯವಿಟ್ಟು ಮಲಗಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ, ಗ್ಯಾಸ್ ಸೋರಿಕೆಯ ಅಲಾರಂ ಎರಡಕ್ಕೂ ಆಯುಷ್ಯ ಇದೆ. ಹಿಂದೆ ಅಚ್ಚಾದ ತಾರೀಕು ನೋಡಿ, ಹಳೆಯದಾಗಿದ್ದರೆ ಹೊಸದು ಹಾಕಿ.

ಎಲೆಕ್ಟ್ರಿಕ್ ಹೀಟರ್ ಇಟ್ಟುಕೊಂಡರೆ ಗ್ಯಾಸ್ ಉಳಿಯುತ್ತದಲ್ವಾ ಅಂತ ಅನ್ನಿಸುತ್ತದೆ. ಉಳಿಯುತ್ತದೆ. ಆದರೆ ಚಳಿಗೆ ತಕ್ಕ ಹಾಗೆ ಮಾಡಿದ ಆರ್‌ವಿಗಳಲ್ಲಿ ಫರ್ನೇಸಿನ ಬಿಸಿಗಾಳಿಯ ಒಂದು ಕೊಳವೆ ನೆಲದ ಕೆಳಗೆ, ಟ್ಯಾಂಕ್ ಇರುವ ಕಡೆಗೂ ಹೋಗುತ್ತದೆ. ಫರ್ನೇಸ್ ಆರಿಸಿ ಎಲೆಕ್ಟ್ರಿಕ್ ಹೀಟರ್ ಹಾಕಿದರೆ ನೀವು ಬೆಚ್ಚಗಿರುತ್ತೀರಿ, ಕೆಳಗೆ ಪೈಪ್ ಹೆಪ್ಪುಗಟ್ಟುತ್ತದೆ. ಹೊರಗೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋಗುವ ರಾತ್ರಿಗಳಲ್ಲಿ ಫರ್ನೇಸ್ ಆಗಾಗ ಓಡಲೇಬೇಕು. ಅಡಿಭಾಗ ಪೂರ್ತಿ ಮುಚ್ಚಿದೆಯಾ, ಅಲ್ಲಿಗೆ ಬಿಸಿಗಾಳಿಯ ಕೊಳವೆ ಇದೆಯಾ ಅಂತ ಬಗ್ಗಿ ನೋಡಿ, ಬಾಯಿಮಾತು ನಂಬಬೇಡಿ. ‘ನಾಲ್ಕೂ ಋತುಗಳಿಗೆ’ ಅನ್ನುವ ಮಾತನ್ನು ಯಾರು ಬೇಕಾದರೂ ಗೋಡೆಗೆ ಅಂಟಿಸಬಹುದು.

ಎಲ್ಲಕ್ಕಿಂತ ಅಗ್ಗದ ಹೀಟರ್ ಎಂದರೆ ಗಾಡಿಯ ಚಕ್ರ. ಚಳಿಗಾಲದಲ್ಲಿ ಸಾವಿರಾರು ಜನ ಅರಿಜೋನಾದ ಕ್ವಾರ್ಟ್‌ಸೈಟ್ ಎಂಬ ಸಣ್ಣ ಊರಿನ ಸುತ್ತ ಮರುಭೂಮಿಯಲ್ಲಿ ಬಂದು ಬಿಡಾರ ಹೂಡುತ್ತಾರೆ. ಅಲ್ಲಿನ ಸರ್ಕಾರಿ ಜಮೀನಿನಲ್ಲಿ ಸಾಮಾನ್ಯವಾಗಿ 14 ದಿನ ಪುಕ್ಕಟೆ ಇರಬಹುದು. ನಾವೂ ಈಗ ಡಿಸೆಂಬರ್‌ಗೆ ದಕ್ಷಿಣಕ್ಕೆ, ಜೂನ್‌ಗೆ ಬೆಟ್ಟಕ್ಕೆ.

ಐದನೆಯದು: ಕರೆಂಟು

ಪಾರ್ಕ್‌ಗಳಲ್ಲಿ ಎರಡು ಬಗೆಯ ಕರೆಂಟು ಸಿಗುತ್ತದೆ, 30 ಆಂಪ್ ಮತ್ತು 50 ಆಂಪ್. ಹೆಸರು ನೋಡಿದರೆ ವ್ಯತ್ಯಾಸ 20 ಆಂಪ್ ಅನ್ನಿಸುತ್ತದೆ. ನಿಜದಲ್ಲಿ 30 ಆಂಪ್ ಅಂದರೆ 120 ವೋಲ್ಟ್‌ನ ಒಂದೇ ಲೈನ್, 3,600 ವ್ಯಾಟ್. 50 ಆಂಪ್‌ನಲ್ಲಿ ಅಂಥ ಎರಡು ಲೈನ್ ಇರುತ್ತವೆ, ಒಟ್ಟು 12,000 ವ್ಯಾಟ್. ಮೂರು ಪಟ್ಟಿಗಿಂತ ಜಾಸ್ತಿ. ಬೇಸಿಗೆಯಲ್ಲಿ ಎಸಿ ಓಡುತ್ತಿದೆ, ಅದು ಸುಮಾರು 1,500 ವ್ಯಾಟ್ ತಿನ್ನುತ್ತದೆ. ಇಂಡಕ್ಷನ್ ಒಲೆ ಜೋರಾಗಿಟ್ಟರೆ 1,800. ಅಷ್ಟರಲ್ಲಿ ಗೀಸರ್ ತಾನಾಗಿ ಹೊತ್ತಿಕೊಂಡರೆ 30 ಆಂಪ್‌ನಲ್ಲಿ ಫಟ್ ಅಂತ ಬ್ರೇಕರ್ ಬೀಳುತ್ತದೆ. ವರ್ಷಪೂರ್ತಿ ಇರುವವರು, ಅದರಲ್ಲೂ ದಿನಕ್ಕೆರಡು ಹೊತ್ತು ಅಡುಗೆ ಮಾಡುವವರು 50 ಆಂಪ್ ಇರುವುದನ್ನೇ ಕೊಳ್ಳಿ.

ಹಳೆ ಪಾರ್ಕ್‌ಗಳಲ್ಲಿ ವೈರಿಂಗ್ ತಪ್ಪಿರುತ್ತದೆ, ವೋಲ್ಟೇಜ್ ಇಳಿಯುತ್ತದೆ. ಪಾರ್ಕಿನ ಕರೆಂಟ್ ಕಂಬಕ್ಕೂ ಗಾಡಿಗೂ ನಡುವೆ ಇಎಂಎಸ್ ಎಂಬ ರಕ್ಷಣಾ ಪೆಟ್ಟಿಗೆ ಇರಲಿ. ವೋಲ್ಟೇಜ್ ಕೆಟ್ಟರೆ ಅದೇ ಕರೆಂಟು ಕಡಿಯುತ್ತದೆ. ಕೆಲವು ನೂರು ಡಾಲರ್ ಆಗಬಹುದು, ಎಸಿ ಸುಟ್ಟರೆ ಅದಕ್ಕಿಂತ ಜಾಸ್ತಿ ಹೋಗುತ್ತದೆ.

ಕಂಬವೇ ಇಲ್ಲದ ಕಡೆ ಇರಬೇಕೆಂದರೆ ಲಿಥಿಯಂ ಬ್ಯಾಟರಿ. 12 ವೋಲ್ಟಿನ, 100 ಆಂಪ್‌ಅವರ್‌ನ ಒಂದರಲ್ಲಿ ಸುಮಾರು 1.2 ಯೂನಿಟ್ ಕರೆಂಟು ಕೂಡಿಡಬಹುದು. ಹಳೆ ಲೆಡ್ ಆಸಿಡ್‌ನಲ್ಲಿ ಅರ್ಧ ಮಾತ್ರ ಬಳಸುವುದು ಕ್ಷೇಮ, ಲಿಥಿಯಂನಲ್ಲಿ ಹೆಚ್ಚುಕಡಿಮೆ ಪೂರ್ತಿ ಬಳಸಬಹುದು. ಲ್ಯಾಪ್‌ಟಾಪ್, ಲೈಟ್, ಫ್ಯಾನ್, 12 ವೋಲ್ಟ್ ಫ್ರಿಜ್, ಇಂಟರ್ನೆಟ್ ಡಿಶ್ ಇಷ್ಟಕ್ಕೆ ನಮಗೆ ಅಂಥ ನಾಲ್ಕು ಬ್ಯಾಟರಿ, ಛಾವಣಿ ಮೇಲೆ 800 ವ್ಯಾಟ್ ಸೋಲಾರ್ ಸಾಕಾಗಿದೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ. ಆದ್ದರಿಂದ ಅವು ಗಾಡಿಯ ಒಳಗೆ ಬೆಚ್ಚಗಿರುವ ಕಡೆ ಇರಲಿ, ಮುಂದಿನ ಕೊಂಡಿಯ ಮೇಲೆ ಬಯಲಲ್ಲಿ ಬೇಡ.

ಆರನೆಯದು: ಒಗ್ಗರಣೆ ಹಾಕಬಹುದಾ?

ಆರ್‌ವಿಯ ಒಲೆ ಮೇಲೆ ಹೊಗೆ ಎಳೆಯುವ ಫ್ಯಾನ್ ಇರುತ್ತದೆ. ಅದರ ಗಾಳಿ ಎಲ್ಲಿಗೆ ಹೋಗುತ್ತದೆ ನೋಡಿ. ಕೆಲವದರಲ್ಲಿ ಫಿಲ್ಟರ್ ಮೂಲಕ ಸುತ್ತಿ ಮತ್ತೆ ಒಳಗೇ ಬರುತ್ತದೆ. ಅಂಥದ್ದರಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಒಂದು ನಿಮಿಷದೊಳಗೆ ಇಬ್ಬರೂ ಕೆಮ್ಮುತ್ತಾ ಹೊರಗೆ ಓಡುತ್ತೀರಿ, ಒಳಗೆ ಹೊಗೆ ಅಲಾರಂ ಕಿರುಚುತ್ತಿರುತ್ತದೆ. ಇಂಗಿನ ವಾಸನೆ ಮೂರು ದಿನ ಹಾಸಿಗೆಯಲ್ಲಿರುತ್ತದೆ. ಹೊರಗೋಡೆಯಲ್ಲಿ ಪುಟ್ಟ ಮುಚ್ಚಳ ಇರುವ, ಹೊರಗೆ ಗಾಳಿ ಬಿಡುವ ಫ್ಯಾನ್ ಬೇಕು. ಜೊತೆಗೆ ಅಡುಗೆಮನೆ ಮೇಲೆ ಛಾವಣಿಯಲ್ಲಿ ಜೋರಾದ ಎಕ್ಸಾಸ್ಟ್ ಫ್ಯಾನ್. ಛಾವಣಿಯ ಕಿಂಡಿಗಳ ಅಳತೆ ಸಾಮಾನ್ಯವಾಗಿ 14 ಇಂಚು ಚೌಕ, ಆದ್ದರಿಂದ ಒಳ್ಳೆ ಫ್ಯಾನನ್ನು ಆಮೇಲೆ ನೀವೇ ಕೂರಿಸಬಹುದು. ಮೀನು, ಹಪ್ಪಳ, ಜೋರಾದ ಒಗ್ಗರಣೆ ಇದಕ್ಕೆಲ್ಲ ನಾವು ಹೊರಗೆ ಮೇಜು ಹಾಕಿ ಸಣ್ಣ ಗ್ಯಾಸ್ ಒಲೆ ಇಟ್ಟುಕೊಂಡಿದ್ದೇವೆ. ಅದು ಅಡುಗೆಮನೆಯ ಇನ್ನೊಂದು ಭಾಗವೇ ಆಗಿಬಿಟ್ಟಿದೆ.

ಊರಿನಿಂದ ತಂದ ಮಿಕ್ಸಿ 230 ವೋಲ್ಟಿನದು, ಇಲ್ಲಿ ನಡೆಯುವುದಿಲ್ಲ. 110 ವೋಲ್ಟಿನ ಭಾರತೀಯ ಮಿಕ್ಸಿಗಳು ಇಲ್ಲೇ ಸಿಗುತ್ತವೆ. ಇನ್ವರ್ಟರ್ ಮೇಲೆ ಓಡಿಸುವುದಾದರೆ ಅದು ಮನೆಯ ಕರೆಂಟಿನಂಥದ್ದೇ ಕರೆಂಟು ಕೊಡುವ ಪ್ಯೂರ್ ಸೈನ್ ವೇವ್ ಬಗೆಯದಾಗಿರಲಿ. ಕಲ್ಲಿನ ಗ್ರೈಂಡರ್ ನಾವು ಕೊನೆಗೆ ಕೊಟ್ಟುಬಿಟ್ಟೆವು, ಭಾರ ಹೊರಲು ಆಗಲಿಲ್ಲ. ಮಿಕ್ಸಿಯಲ್ಲೇ ಐಸ್ ನೀರು ಹಾಕಿ ಉದ್ದು ರುಬ್ಬುತ್ತೇವೆ. ಚಳಿಯಲ್ಲಿ ಹಿಟ್ಟು ಹುದುಗು ಬರುವುದಿಲ್ಲ ಅನ್ನುವವರಿಗೆ ಒಂದು ಉಪಾಯ: ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್ ಇರುವ ಕಡೆ ಯಾವಾಗಲೂ ಸ್ವಲ್ಪ ಬಿಸಿ ಇರುತ್ತದೆ. ಅದರ ಗಾಳಿ ಕಿಂಡಿ ಮುಚ್ಚದ ಹಾಗೆ, ಅದು ಇರುವ ಬೀರುವಿನ ಮೇಲೆ ಪಾತ್ರೆ ಇಡಿ. ಬೆಳಿಗ್ಗೆ ಹಿಟ್ಟು ಉಬ್ಬಿರುತ್ತದೆ.

ಹಾಸಿಗೆ, ಮೇಜು, ಇಂಟರ್ನೆಟ್

‘ಆರ್‌ವಿ ಕ್ವೀನ್’ ಹಾಸಿಗೆ ಸಾಮಾನ್ಯವಾಗಿ 60 ಇಂಚು ಅಗಲ, 74 ಅಥವಾ 75 ಇಂಚು ಉದ್ದ. ಮನೆಯ ಕ್ವೀನ್ 80 ಇಂಚು. ಆರು ಅಡಿ ದಾಟಿದವರ ಕಾಲು ಹೊರಗೇ. ಜೊತೆಗೆ ಬರುವ ಹಾಸಿಗೆಯನ್ನು ಮೊದಲ ತಿಂಗಳಲ್ಲೇ ಬದಲಿಸಿ. ಊಟದ ಮೇಜನ್ನೇ ಆಫೀಸ್ ಮಾಡಿಕೊಂಡರೆ ಒಂದು ವರ್ಷಕ್ಕೆ ಬೆನ್ನು ಹೋಗುತ್ತದೆ, ಒಂದು ನಿಜವಾದ ಕುರ್ಚಿಗೆ ಜಾಗ ಇರಲಿ. ಇಂಟರ್ನೆಟ್‌ಗೆ ಎರಡು ದಾರಿ ಇಟ್ಟುಕೊಳ್ಳಿ. ಬಯಲಿನಲ್ಲಿ ಉಪಗ್ರಹದ ಮೂಲಕ ಬರುವ ಸ್ಟಾರ್‌ಲಿಂಕ್, ಮರಗಳ ಕೆಳಗೆ ಮೊಬೈಲ್ ಸಿಗ್ನಲ್. ಮರ ಆಕಾಶ ಮುಚ್ಚಿದರೆ ಸ್ಟಾರ್‌ಲಿಂಕ್ ಮೀಟಿಂಗ್ ನಡುವೆಯೇ ತಪ್ಪುತ್ತದೆ.

ದುಡ್ಡು ಕೊಡುವ ಮೊದಲು

ಏಣಿ ಹತ್ತಿ ಛಾವಣಿ ನೋಡಿ. ಕಿಂಡಿ, ಎಸಿ, ಮೂಲೆಗಳ ಸುತ್ತ ಹಚ್ಚಿದ ಸೀಲೆಂಟ್ ಬಿರುಕು ಬಿಟ್ಟಿದ್ದರೆ ನೀರು ಒಳಗೆ ಇಳಿದಿರಬಹುದು. ಒಳಗೆ ಮೂಲೆಗಳಲ್ಲಿ ಗೋಡೆಯನ್ನು ಬೆರಳಿನಿಂದ ಒತ್ತಿ. ಮೆತ್ತಗಿದ್ದರೆ ಬೇಡವೇ ಬೇಡ. ಟೈರ್ ಮೇಲೆ DOT ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 3221 ಅಂತಿದ್ದರೆ 2021ರ 32ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೀರು ಎಷ್ಟೇ ಆಳವಿದ್ದರೂ ಐದಾರು ವರ್ಷ ದಾಟಿದ ಟ್ರೇಲರ್ ಟೈರ್ ನಂಬಬೇಡಿ. ಹಳೇ ಗಾಡಿ ಆದರೆ ಸರ್ಟಿಫಿಕೇಟ್ ಇರುವ ಆರ್‌ವಿ ಇನ್‌ಸ್ಪೆಕ್ಟರ್‌ಗೆ ದುಡ್ಡು ಕೊಟ್ಟು ನೋಡಿಸಿ.

ಕಾಗದ ಪತ್ರ ಓದಿ. ಎಷ್ಟೋ ಕಂಪನಿಗಳ ವಾರಂಟಿಯಲ್ಲಿ, ಪೂರ್ತಿ ವಾಸಕ್ಕೆ ಬಳಸಿದರೆ ವಾರಂಟಿ ಇಲ್ಲ ಅಂತ ಸಣ್ಣ ಅಕ್ಷರದಲ್ಲಿರುತ್ತದೆ. ವಿಮೆಯಲ್ಲೂ ಪೂರ್ಣಕಾಲ ವಾಸಿಸುವವರಿಗೆ ಬೇರೆ ಪಾಲಿಸಿ ಇದೆ, ಅದನ್ನೇ ಕೇಳಿ. ವಿಳಾಸಕ್ಕಾಗಿ ಬಹಳ ಜನ ಟೆಕ್ಸಾಸ್, ಫ್ಲಾರಿಡಾ, ಸೌತ್ ಡಕೋಟಾ ಆರಿಸಿಕೊಳ್ಳುತ್ತಾರೆ. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಅಂಚೆ ತಲುಪಿಸುವ ಸಂಸ್ಥೆಗಳಿವೆ. ಆದರೆ ನಮ್ಮವರಿಗೆ ಇನ್ನೊಂದು ವಿಷಯ ಇದೆ. ನಾಗರಿಕರಲ್ಲದವರು, ಗ್ರೀನ್ ಕಾರ್ಡ್ ಇದ್ದವರೂ ಸೇರಿ, ವಿಳಾಸ ಬದಲಾದರೆ 10 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ಎಚ್-1ಬಿ ಕೆಲಸದ ವೀಸಾ ಮೇಲಿರುವವರು ಬೇರೆ ಊರಿನಿಂದ ಕೆಲಸ ಮಾಡಿದರೆ ಕಂಪನಿ ಹೊಸ ಅರ್ಜಿ ಹಾಕಬೇಕಾಗಬಹುದು. ವಕೀಲರನ್ನು ಕೇಳದೆ ಗಾಡಿ ಕಟ್ಟಬೇಡಿ.

ಕೊಳ್ಳುವ ನಿರ್ಧಾರ ಮಾಡುವ ಮೊದಲು ಅದೇ ಅಳತೆಯ ಒಂದು ಆರ್‌ವಿಯನ್ನು ಎರಡು ವಾರ ಬಾಡಿಗೆಗೆ ತೆಗೆದುಕೊಳ್ಳಿ. ಬೇಸಿಗೆಯಲ್ಲಲ್ಲ, ನವೆಂಬರ್‌ನಲ್ಲಿ. ಕೆಲಸದ ದಿನಗಳಲ್ಲಿ, ಮಳೆ ಬರುವ ಕಡೆ. ದಿನಕ್ಕೆರಡು ಹೊತ್ತು ಅಡುಗೆ ಮಾಡಿ. ಗ್ರೇ ಟ್ಯಾಂಕ್ ಎಷ್ಟನೇ ದಿನ ತುಂಬಿತು, ಬ್ರೇಕರ್ ಯಾವಾಗ ಬಿತ್ತು, ರಾತ್ರಿ ತೇವ ಎಷ್ಟಿತ್ತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಹದಿನಾಲ್ಕನೇ ದಿನ ಬೆಳಿಗ್ಗೆ ಹಾಸಿಗೆ ಎತ್ತಿ, ಕೆಳಗಿನ ಹಲಗೆ ಮೇಲೆ ಅಂಗೈ ಇಟ್ಟು ನೋಡಿ.